ಮೂರು ಸೀಟಿನ ಫ್ರಾಕು

ಇದನ್ನು ಬರೆಯುವಾಗ ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿದೆ. ಹಾಲ್‌ನ ಕಿಟಕಿಗೆ ಪರದೆ ಇಲ್ಲ. ಮೊನ್ನೆವರೆಗೂ ಇತ್ತು. ಹಸಿರು ಮಖಮಲ್ಲಿನದು, ದೀಪಾವಳಿಗೆ ಮುಂಬಯಿಯ ಮಂಗಲದಾಸ್ ಮಾರ್ಕೆಟ್ಟಿನಲ್ಲಿ ಅರ್ಧ ದಿನ ಚೌಕಾಸಿ ಮಾಡಿ ತಂದದ್ದು. ಈಗ ಅದು ಮಗಳ ಫ್ರಾಕು.

ಡೊಂಬಿವಲಿಯಲ್ಲಿ ಪರದೆ ಇಲ್ಲದೆ ಬದುಕಲಾಗುತ್ತದಾ? ಬನಿಯನ್ನಿನಲ್ಲಿ ಕೂತು ಉಪ್ಪಿಟ್ಟು ಬಾಯಿಗಿಟ್ಟರೆ ಎದುರು ಬಿಲ್ಡಿಂಗಿನ ಮರಾಠಿ ಅಜ್ಜ ತಮ್ಮ ಗ್ಯಾಲರಿಯಿಂದಲೇ "ಉಪಮಾ ಕಾ?" ಎನ್ನುತ್ತಾರೆ.

ಇದಕ್ಕೆಲ್ಲ ಕಾರಣ ಮಾರ್ಗರೆಟ್ ಮಿಚೆಲ್ ಬರೆದ, 1936ರಲ್ಲಿ ಬಂದ ‘ಗಾನ್ ವಿತ್ ದಿ ವಿಂಡ್’. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾದಂಬರಿ. ಗುಲಾಮರಿಗಿಂತ ಅವರ ಯಜಮಾನರಿಗೇ ಜಾಸ್ತಿ ಕಣ್ಣೀರು ಹಾಕುತ್ತದೆ ಅಂತ ನನ್ನ ತಕರಾರು. ಮಗಳದ್ದೂ ಅದೇ. ಫ್ರಾಕಿನ ಬಗ್ಗೆ ಮಾತ್ರ ಅವಳಿಗೆ ತಕರಾರಿಲ್ಲ. ಯುದ್ಧ ಮುಗಿದಿದೆ, ಕಾದಂಬರಿಯ ನಾಯಕಿ ಸ್ಕಾರ್ಲೆಟ್‌ಗೆ ಜಮೀನಿನ ತೆರಿಗೆ ಕಟ್ಟಲು 300 ಡಾಲರ್ ಬೇಕು. ಹರಕು ಬಟ್ಟೆಯಲ್ಲಿ ಹೋದರೆ ಯಾರು ಕೊಡುತ್ತಾರೆ? ಅಮ್ಮನ ಕಾಲದ ಹಸಿರು ಮಖಮಲ್ಲಿನ ಪರದೆ ಇಳಿಸಿ ಫ್ರಾಕು ಮಾಡಿಸುತ್ತಾಳೆ. ಟೋಪಿಗೆ ಹುಂಜದ ಪುಕ್ಕ. ಪಾಪ, ಅವಳಿಗೆ ಗತಿಯಿರಲಿಲ್ಲ. ನನ್ನ ಮಗಳ ಕಪಾಟು ಮುಚ್ಚಬೇಕಾದರೆ ಮೊಣಕಾಲು ಕೊಟ್ಟು ಒತ್ತಬೇಕು.

ನಿನ್ನೆ ದಾದರ್‌ನಲ್ಲಿ ಅವಳ ಓದುವ ಗುಂಪಿನವರೆಲ್ಲ ಪಾತ್ರಗಳ ವೇಷದಲ್ಲಿ ಸೇರುವುದಿತ್ತು. ಪುಕ್ಕ ಗಿಕ್ಕ ಮನೆಯೊಳಗೆ ಬೇಡ ಅಂತ ಅವಳಮ್ಮ ಹೇಳಿದ್ದಕ್ಕೆ ಗಣಪತಿ ಅಲಂಕಾರದ ಡಬ್ಬಿಯಿಂದ ನವಿಲುಗರಿ ಬಂತು. ಸೊಂಟಕ್ಕೆ ಪರದೆ ಕಟ್ಟುತ್ತಿದ್ದ ಗೊಂಡೆಯ ಹಗ್ಗ. ಸ್ಕಾರ್ಲೆಟ್‌ಳ ಸೊಂಟ 17 ಇಂಚು ಅಂತ ಕೇಳಿ ಕೆಳಗಿನ ಟೇಲರ್ "ತಲೆದಿಂಬಾ?" ಅಂದನಂತೆ. ಲಂಗ ಬುಟ್ಟಿಯ ಹಾಗೆ ಉಬ್ಬಲು ಆಗಿನವರು ಒಳಗೆ ಉಕ್ಕಿನ ಬಳೆ ಹಾಕುತ್ತಿದ್ದರು. ಇವಳು ನೀರಿನ ಪೈಪು ಹಾಕಿದಳು.

ಸ್ಟೇಷನ್‌ವರೆಗೆ ಬಿಟ್ಟು ಬರಲು ನಾನು ಹೊರಟೆ. ಶೇರ್ ರಿಕ್ಷಾದಲ್ಲಿ ಹಿಂದೆ ಮೂರು ಸೀಟು. ಮಗಳು ಮೊದಲು ಹತ್ತಿದಳು. ಪೈಪು ಬಾಗಿಲಿಗೆ ಸಿಕ್ಕಿತು. ನಾನು ಎಡಗಡೆ ಒತ್ತಿದೆ, ಬಲಗಡೆ ಉಬ್ಬಿತು. ಡ್ರೈವರ್ ಇಳಿದು ಬಂದು ಬಲಗಡೆ ಒತ್ತಿದ, ಎಡಗಡೆಯದು ನನ್ನ ಕನ್ನಡಕಕ್ಕೆ ಬಡಿಯಿತು. ಹೇಗೋ ಕೂತಳು. ಕೂತಿದ್ದೇ ತಡ, ಮುಂದಿನ ಬಳೆ ಎದ್ದು ನಿಂತು ಫ್ರಾಕು ಛತ್ರಿಯ ಹಾಗೆ ಅವಳ ಮುಖ ಮುಚ್ಚಿತು. ಕೆಳಗೆ ಜೀನ್ಸ್ ಇತ್ತು, ದೇವರು ದೊಡ್ಡವನು. ಒಳಗಿನಿಂದ "ಅಪ್ಪಾ, ನವಿಲುಗರಿ!" ಅಂತ ಕೂಗು. ಕ್ಯೂನಲ್ಲಿದ್ದ ಹೆಂಗಸೊಬ್ಬರು ಇಣುಕಿ, "ಅಯ್ಯೋ, ಜಾಗಾಚ್ ನಾಹೀ" ಎಂದು ಹಿಂದಿನ ರಿಕ್ಷಾಕ್ಕೆ ಹೋದರು. ಡ್ರೈವರ್ ತಣ್ಣಗೆ ಮೂರು ಬೆರಳು ತೋರಿಸಿದ. ಅವನ ಪಕ್ಕ ನೇತಾಡಿಕೊಂಡು ಹೋದದ್ದಕ್ಕೆ ನನ್ನದು ನಾಲ್ಕನೆಯದು. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಏನಾಯಿತೋ, ಮಗಳು ಹೇಳುತ್ತಿಲ್ಲ. ಪೈಪು ಮಾತ್ರ ವಾಪಸ್ ಬಂದಿಲ್ಲ.

ಸ್ಕಾರ್ಲೆಟ್ ಆ ಫ್ರಾಕು ಹಾಕಿ ದುಡ್ಡು ಕೇಳಲು ಹೋದದ್ದು ರೆಟ್ ಬಟ್ಲರ್ ಹತ್ತಿರ. ಅವನಿಂದ ದುಡ್ಡು ಹುಟ್ಟಲಿಲ್ಲ. ದಡ್ಡುಗಟ್ಟಿದ ಅಂಗೈ ನೋಡಿ ರೆಟ್‌ಗೆ ಅವಳ ಬಡತನ ಗೊತ್ತಾಯಿತು. ನಮ್ಮಮ್ಮನ ಅಂಗೈಯೂ ಹಾಗೇ ಇತ್ತು. ಕುಂದಾಪುರದ ಮನೆಯಲ್ಲಿ ಅವಳು ಉಟ್ಟು ಸವೆದ ಸೀರೆಯೇ ಪರದೆ. ಪರದೆ ಸವೆದರೆ ತೊಟ್ಟಿಲಿಗೆ. ಆಮೇಲೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ಬೆಳಿಗ್ಗೆ ಬಿಸಿಲು ಅವಳ ಸೀರೆಯ ಕೆಂಪು ಅಂಚಿನಿಂದ ತೂರಿ ಚಾಪೆಯ ಮೇಲೆ ಬೀಳುತ್ತಿತ್ತು.

"ಒಂದು ಹಳೆ ಸೀರೆ ಸಿಕ್ಕಿಸೇ" ಅಂದೆ ಹೆಂಡತಿಗೆ. ಹುಡುಕಿದರೆ ಮನೆಯಲ್ಲಿ ಹಳೆ ಸೀರೆಯೇ ಇಲ್ಲ. ಇರುವುದೆಲ್ಲ ರೇಷ್ಮೆ, ಉಳಿದದ್ದು ಕುರ್ತಾ. ಕುರ್ತಾದಿಂದ ಕಿಟಕಿ ಮುಚ್ಚುತ್ತದಾ?

ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಟೆ. ಸ್ಟ್ಯಾಂಡಿನಲ್ಲಿ ಅದೇ ಡ್ರೈವರ್. ನನ್ನ ಹಿಂದೆ ಮುಂದೆ ಎಲ್ಲ ನೋಡಿ, ಸ್ವಲ್ಪ ಬೇಸರದಿಂದಲೇ ಕೇಳಿದ: "ಕಾಯ್ ಸಾಹೇಬ್, ಆಜ್ ಏಕಚ್ ಸೀಟ್?"