ನಾಲ್ವರಿಗೆ ಅವಕಾಶ, ಐದನೆಯವರು ಬೀಗರು

ಮೊನ್ನೆ ಮತ್ತೆ ನಿಷೇಧಾಜ್ಞೆ. ಮಂಡ್ಯದವರಿಗೆ ಇದೇನು ಹೊಸದಲ್ಲ ಬಿಡಿ. ಕಾವೇರಿ ನೀರು ಬಿಟ್ಟರೂ ನಿಷೇಧಾಜ್ಞೆ, ಗಣೇಶನನ್ನು ಬಿಟ್ಟರೂ ನಿಷೇಧಾಜ್ಞೆ.

ಐದು ಜನ ಸೇರುವಂತಿಲ್ಲ. ಘೋಷಣೆ ಕೂಗುವಂತಿಲ್ಲ. ಪ್ರತಿಕೃತಿ ಸುಡುವಂತಿಲ್ಲ. ಇಷ್ಟೆಲ್ಲ ಗದರಿಸಿ ಕೊನೇ ಸಾಲಿನಲ್ಲಿ ಸ್ವಲ್ಪ ಕರುಣೆ ತೋರಿಸುವುದು ವಾಡಿಕೆ: ಮದುವೆ ಮತ್ತು ಶವಸಂಸ್ಕಾರಕ್ಕೆ ಇದು ಅನ್ವಯಿಸುವುದಿಲ್ಲ. ಅಂದರೆ ಜನ್ಮದಲ್ಲಿ ಎರಡು ಸಲ ಜನ ಸೇರಿಸಬಹುದು. ಅದರಲ್ಲಿ ಒಂದು ಸಲ ಮಾತಾಡೋಕೆ ನಾವೇ ಇರಲ್ಲ.

ಹಾಗಾಗಿ ರೈತರು ಸುಮ್ನೆ ಠಾಣೆಗೆ ಅರ್ಜಿ ಹಿಡಿದು ಅಲೆಯೋದು ಬಿಟ್ಟು ಲಗ್ನಪತ್ರಿಕೆ ಹೊಡೆಸಲಿ. ವರ: ಚಿ॥ ಕಬ್ಬಿನ ಬಾಕಿ. ವಧು: ಚಿ॥ಸೌ॥ ಬೆಂಬಲ ಬೆಲೆ. ಧಾರೆ ಡಿಸಿ ಆಫೀಸ್ ಗೇಟಿನ ಮುಂದೆ. ಉಡುಗೊರೆ ಬೇಡ, ಲಿಖಿತ ಭರವಸೆ ಸಾಕು. ಘೋಷಣೆ ಬದಲು ಸೋಬಾನೆ. ಆಮೇಲೆ ಬೀಗರೂಟ. ಬಂದೋಬಸ್ತಿಗೆ ಬಂದ ಪೊಲೀಸರಿಗೂ ಎಲೆ ಹಾಕಿ, ಮುದ್ದೆ, ಬೋಟಿ ಗೊಜ್ಜು ಬಡಿಸಿ. ಉಂಡು ಕೈ ತೊಳೆದ ಮೇಲೆ ಎಫ್‌ಐಆರ್ ಬರೆಯೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ. ಪಕ್ಷಗಳ ಸಮಾವೇಶಕ್ಕಂತೂ ಈ ತಾಪತ್ರಯ ಇಲ್ಲ. ಸರ್ಕಾರಿ ಬಸ್ಸೇ ಜನರನ್ನು ಹೊತ್ತು ತರುತ್ತೆ. ಅವತ್ತು ಹಳ್ಳಿಗೆ ಬಸ್ ಇಲ್ಲ ಅಷ್ಟೇ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ತ್ರಿವರ್ಣ ಬಾವುಟ ಹಾರಿಸಬಾರದು ಅಂತ ಇದ್ದದ್ದೂ ನಿಷೇಧಾಜ್ಞೆಯೇ. ಅದನ್ನು ಮುರಿದವರ ನೆನಪಿಗೆ ಅಲ್ಲೇ ಸೌಧ ಕಟ್ಟಿದ್ದೇವೆ. 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಗುಂಡೇಟಿಗೆ ಸತ್ತ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಲ್ಲಿ ಮೈಸೂರಿನಲ್ಲಿ ಸರ್ಕಲ್ ಇದೆ. ಹಾರ ಹಾಕುವಾಗ ಮಾತ್ರ ನಾಲ್ಕೇ ಜನ ಬನ್ನಿ ಅಂತ ಯಾರೂ ಹೇಳಲ್ಲ.

ಕಲ್ಲು ತೂರುವವರನ್ನು ಹಿಡಿಯಿರಿ, ಬೇಡ ಅಂದವರ್ಯಾರು? ಬಾಕಿ ಕೇಳೋಕೆ ಬಂದವನೂ ಕಲ್ಲು ತೂರುವವನೂ ನಿಮಗೆ ಒಂದೇನಾ? ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆಯಲ್ಲ ಸ್ವಾಮಿ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಗೆ ಕೊಟ್ಟಿದ್ದ ಅನುಮತಿಯನ್ನೂ ಕಿತ್ತುಕೊಂಡು ಮೂರು ದಿನ 144ನೇ ಸೆಕ್ಷನ್ ನಿಷೇಧಾಜ್ಞೆ ಹಾಕಿದರು. ಅದು ಕಾನೂನಿಗೆ ವಿರುದ್ಧ ಅಂತ ಹೈಕೋರ್ಟ್ ಹೇಳಿದ್ದು 2020ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಜನರನ್ನು ವ್ಯಾನಿಗೆ ತುಂಬಿದ್ದೂ ಆಗಿತ್ತು, ಬಿಟ್ಟು ಕಳಿಸಿದ್ದೂ ಆಗಿತ್ತು. 2024ರ ಜುಲೈಯಿಂದ ಹೊಸ ಕಾನೂನಿನಲ್ಲಿ 144 ಹೋಗಿ 163ನೇ ಸೆಕ್ಷನ್ ಬಂದಿದೆ. ನಂಬರ್ ತಿದ್ದಿಕೊಂಡಿದ್ದಾರೆ. ಕಾರಣ ಬರೆಯುವ ಜಾಗದಲ್ಲಿ ಈಗಲೂ ಅದೇ, ‘ಮುಂಜಾಗ್ರತಾ ಕ್ರಮವಾಗಿ’.