ಸಿಗ್ನಲ್ ಹಾರಿದವರನ್ನು ಬೈಯುವ ಮುಂಚೆ ಹಳದಿ ದೀಪ ಎಷ್ಟು ಸೆಕೆಂಡ್ ಉರಿಯುತ್ತೆ ನೋಡಿ

ಸಿಗ್ನಲ್ ಜಂಪ್ ಮಾಡಿದ ಗಾಡಿಯ ವಿಡಿಯೋ ಕಣ್ಣಿಗೆ ಬಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು. ಶಿಸ್ತಿಲ್ಲ, ಲೈಸೆನ್ಸ್ ಕಿತ್ಕೊಳ್ಳಿ, ದಂಡ ಹತ್ತು ಪಟ್ಟು ಮಾಡಿ. ಸಿಟ್ಟು ಸಹಜವೇ. ಆದರೆ ಕೆಂಪು ಬಿದ್ದು ಎಷ್ಟು ಹೊತ್ತಾದ ಮೇಲೆ ಆ ಗಾಡಿ ಸ್ಟಾಪ್ ಲೈನ್ ದಾಟಿತು ಅಂತ ಯಾರೂ ನೋಡುವುದಿಲ್ಲ. ಅರ್ಧ ಸೆಕೆಂಡಾ, ಐದು ಸೆಕೆಂಡಾ? ಕಾನೂನಿನ ಕಣ್ಣಿಗೆ ಎರಡೂ ಒಂದೇ. ರಸ್ತೆಯ ಮಟ್ಟಿಗೆ ಇವು ಎರಡು ಬೇರೆ ಬೇರೆ ಕಾಯಿಲೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಎಣಿಸಿ ನೋಡಿದ ಕಡೆಯೆಲ್ಲ ಹೆಚ್ಚಿನ ಜಂಪ್‌ಗಳು ಕೆಂಪು ಬಿದ್ದ ಮೊದಲ ಒಂದು ಸೆಕೆಂಡಿನೊಳಗೇ ಆಗಿರುತ್ತವೆ. ಇವರಲ್ಲಿ ಬಹಳಷ್ಟು ಜನ ಹಾರಬೇಕು ಅಂತ ಹೊರಟವರಲ್ಲ. ಹಳದಿ ಬಿದ್ದಾಗ ನಿಲ್ಲಲೋ ಹೋಗಲೋ ಎಂಬ ಗೊಂದಲಕ್ಕೆ ಸಿಕ್ಕಿ, ಹೋಗೋಣ ಅಂತ ತೀರ್ಮಾನಿಸಿ, ಸ್ವಲ್ಪದರಲ್ಲಿ ತಪ್ಪಿದವರು. ಎರಡನೆಯ ಗುಂಪು ಚಿಕ್ಕದು, ಅಪಾಯ ಮಾತ್ರ ದೊಡ್ಡದು. ಕೆಂಪು ಬಿದ್ದು ಮೂರ್ನಾಲ್ಕು ಸೆಕೆಂಡ್ ಕಳೆದು ಅಡ್ಡ ರಸ್ತೆಯ ಗಾಡಿಗಳು ಹೊರಟ ಮೇಲೆ ನುಗ್ಗುವವರು ಇವರು. ಇವರಲ್ಲಿ ದೀಪವನ್ನೇ ನೋಡದವರೂ ಇದ್ದಾರೆ, ನೋಡಿಯೂ ಕೇರ್ ಮಾಡದವರೂ ಇದ್ದಾರೆ. ಪಕ್ಕೆಗೆ ಬಂದು ಗುದ್ದುವ ಘೋರ ಅಪಘಾತಗಳು ಹೆಚ್ಚಾಗಿ ಇವರ ಲೆಕ್ಕದವು.

ಮೊದಲ ಗುಂಪಿನ ಮದ್ದು ಹಳದಿಯನ್ನು ಬೇಕಾದಷ್ಟು ಹೊತ್ತು ಉರಿಸುವುದು. ಅದು ದೀಪಗಳ ಹೊತ್ತು ನಿಗದಿ ಮಾಡುವ ಕಂಟ್ರೋಲರ್ ಪೆಟ್ಟಿಗೆಯೊಳಗಿದೆ. ಅದಕ್ಕೆ ಬೇಕಿರುವುದು ಒಬ್ಬ ತಂತ್ರಜ್ಞ, ಒಂದು ಕೀಲಿ, ಅರ್ಧ ಗಂಟೆ ಸಮಯ. ಹಾಗಿದ್ದೂ ಎಲ್ಲರೂ ಮೊದಲು ಕೇಳುವುದು ಕ್ಯಾಮೆರಾ.

ಲೆಕ್ಕ ಸರಳ. ಹಳದಿ ಕಂಡು ಕಾಲು ಬ್ರೇಕ್‌ಗೆ ಹೋಗಲು 1 ಸೆಕೆಂಡ್ ಹಿಡಿಯಿರಿ. ಆಮೇಲೆ ಒಳಗಿರುವವರು ಮುಗ್ಗರಿಸದ ಹಾಗೆ ಒತ್ತುವ ಬ್ರೇಕ್‌ಗೆ ವೇಗ ಪ್ರತಿ ಸೆಕೆಂಡಿಗೆ ಗಂಟೆಗೆ ಸುಮಾರು 11 ಕಿ.ಮೀ.ನಷ್ಟು ಇಳಿಯುತ್ತದೆ ಅಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲಲು ಒಟ್ಟು 62 ಮೀಟರ್ ಬೇಕು: ಯೋಚನೆಯಲ್ಲಿ ಕಳೆಯುವುದು 17 ಮೀಟರ್, ಬ್ರೇಕ್‌ನಲ್ಲಿ 45 ಮೀಟರ್. ಆ ಜಂಕ್ಷನ್‌ನಲ್ಲಿ ಹಳದಿ 3 ಸೆಕೆಂಡ್ ಇದೆ ಅನ್ನಿ. 60ರ ವೇಗದಲ್ಲಿ 3 ಸೆಕೆಂಡಿಗೆ ಸಾಗುವುದು 50 ಮೀಟರ್. ಈಗ ಹಳದಿ ಬಿದ್ದ ಕ್ಷಣದಲ್ಲಿ ಕಾರು ಸ್ಟಾಪ್ ಲೈನ್‌ನಿಂದ 56 ಮೀಟರ್ ದೂರದಲ್ಲಿದ್ದರೆ? ನಿಲ್ಲಲು ಜಾಗ ಸಾಲದು, ದಾಟಲು ಸಮಯ ಸಾಲದು. 50ರಿಂದ 62 ಮೀಟರ್‌ವರೆಗಿನ ಈ 12 ಮೀಟರ್ ತುಂಡಿನಲ್ಲಿ ಸಿಕ್ಕವನು ಎಷ್ಟೇ ಸಭ್ಯ ಚಾಲಕನಾಗಿರಲಿ, ಒಂದೋ ಕೆಂಪಿನಲ್ಲಿ ದಾಟುತ್ತಾನೆ, ಇಲ್ಲವೇ ಟೈರ್ ಕಿರುಚುವಂತೆ ಬ್ರೇಕ್ ಹಾಕಿ ಹಿಂದಿನವನಿಂದ ಗುದ್ದಿಸಿಕೊಳ್ಳುತ್ತಾನೆ. ಇದನ್ನು ಲೆಕ್ಕ ಹಾಕಿ ತೋರಿಸಿ 1960ರಲ್ಲೇ ಪ್ರಬಂಧ ಪ್ರಕಟಿಸಿದವರು ಸಂಶೋಧಕರಾದ ಡೆನೊಸ್ ಗಾಜಿಸ್, ರಾಬರ್ಟ್ ಹರ್ಮನ್ ಮತ್ತು ಅಲೆಕ್ಸಿ ಮರಾದುಡಿನ್.

ಆ 12 ಮೀಟರ್ ಅಳಿಸಿಹಾಕಲು ಹಳದಿ ಎಷ್ಟಿರಬೇಕು? ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಬರೆದುಕೊಂಡು 6.1ರಿಂದ (ಮೇಲಿನ ಬ್ರೇಕ್ ಇಳಿಕೆಯನ್ನು ಮೀಟರ್‌ನಲ್ಲಿ ಬರೆದು ಎರಡರಿಂದ ಗುಣಿಸಿದ್ದು) ಭಾಗಿಸಿ, ಬಂದದ್ದಕ್ಕೆ ಯೋಚನೆಯ 1 ಸೆಕೆಂಡ್ ಕೂಡಿಸಿ. ಗಂಟೆಗೆ 50 ಕಿ.ಮೀ.ಗೆ 3.3 ಸೆಕೆಂಡ್, 60ಕ್ಕೆ 3.7, 70ಕ್ಕೆ 4.2, 80ಕ್ಕೆ 4.6. ಜಂಕ್ಷನ್ ಕಡೆಗೆ ರಸ್ತೆ ಇಳಿಜಾರಾಗಿದ್ದರೆ ಇನ್ನೂ ಬೇಕು. ನೂರು ಮೀಟರಿಗೆ 4 ಮೀಟರ್ ಇಳಿಯುವ ರಸ್ತೆಯಲ್ಲಿ 60ರ ವೇಗಕ್ಕೆ 3.7 ಹೋಗಿ 4.1 ಆಗುತ್ತದೆ. ಜರ್ಮನಿಯಲ್ಲಿ ತಲೆ ಕೆಡಿಸಿಕೊಳ್ಳುವ ಗೊಡವೆಯೇ ಇಲ್ಲ: ವೇಗದ ಮಿತಿ 50 ಇದ್ದರೆ 3 ಸೆಕೆಂಡ್, 60 ಇದ್ದರೆ 4, 70 ಇದ್ದರೆ 5.

ಎಡವಟ್ಟಾಗುವುದು ವೇಗ ಯಾವುದು ಎಂಬಲ್ಲಿ. ಬೋರ್ಡಿನಲ್ಲಿ 50 ಅಂತ ಬರೆದಿದೆ, ಗಾಡಿಗಳು ಓಡುವುದು 62ರಲ್ಲಿ. ಬೋರ್ಡ್ ನೋಡಿ ಹಳದಿ ಇಟ್ಟರೆ ಕೆಟ್ಟಿತು. ಮುಂದೆ ಅಡ್ಡಿಯಿಲ್ಲದೆ ಬರುವ ನೂರು ಗಾಡಿಗಳ ವೇಗ ಅಳೆದು, ಕಡಿಮೆಯಿಂದ ಹೆಚ್ಚಿಗೆ ಸಾಲಾಗಿಟ್ಟು, 85ನೆಯ ಗಾಡಿಯ ವೇಗವನ್ನು ಲೆಕ್ಕಕ್ಕೆ ಹಿಡಿಯಬೇಕು. ‘ವೇಗವಾಗಿ ಓಡಿಸುವವರಿಗೆ ರಿಯಾಯಿತಿ ಯಾಕೆ’ ಅಂತ ಕೇಳುವವರಿದ್ದಾರೆ. ವೇಗಕ್ಕೆ ಬೇರೆ ಕ್ರಮ ತಗೊಳ್ಳಿ, ಬೇಡ ಅಂದವರಾರು? ಹಳದಿ ಕಡಿಮೆ ಮಾಡಿದ್ದಕ್ಕೆ ಯಾರೂ ನಿಧಾನವಾಗುವುದಿಲ್ಲ, ಕೆಂಪಿನಲ್ಲಿ ದಾಟುವವರ ಸಂಖ್ಯೆ ಏರುತ್ತದೆ ಅಷ್ಟೆ.

ತಿರುಗುವ ಗಾಡಿಗಳ ಕಥೆ ಇನ್ನೊಂದು. ಮೇಲಿನ ಸೂತ್ರ ಗಾಡಿ ಅದೇ ವೇಗದಲ್ಲಿ ನೇರ ಹೋಗುತ್ತದೆ ಅಂದುಕೊಳ್ಳುತ್ತದೆ. ತಿರುಗುವವನು ಸ್ಟಾಪ್ ಲೈನ್‌ಗೆ ಮುಂಚೆಯೇ ವೇಗ ತಗ್ಗಿಸುತ್ತಾನಾದ್ದರಿಂದ ಅವನಿಗೆ ಆ ಹಳದಿ ಸಾಲುವುದಿಲ್ಲ. ಅಮೆರಿಕದ ಆರೆಗನ್ ರಾಜ್ಯದಲ್ಲಿ ಮಾಟ್ಸ್ ಯಾರ್ಲ್‌ಸ್ಟ್ರೋಮ್ ಎಂಬಾತ ಇದನ್ನು ಲೆಕ್ಕ ಮಾಡಿ ತೋರಿಸಿದ್ದಕ್ಕೆ, ಲೈಸೆನ್ಸ್ ಇಲ್ಲದೆ ಎಂಜಿನಿಯರಿಂಗ್ ಮಾಡಿದೆ ಅಂತ ಎಂಜಿನಿಯರುಗಳಿಗೆ ಲೈಸೆನ್ಸ್ ಕೊಡುವ ಅಲ್ಲಿನ ಮಂಡಳಿ ಆತನಿಗೇ 500 ಡಾಲರ್ ದಂಡ ಹಾಕಿತು! ಆತ ಕೋರ್ಟಿಗೆ ಹೋಗಿ ಗೆದ್ದ. 2020ರಲ್ಲಿ ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆಯೇ (ಐಟಿಇ) ತಿರುಗುವ ಗಾಡಿಗಳನ್ನು ಲೆಕ್ಕಕ್ಕೆ ಸೇರಿಸಿ ಹೊಸ ಮಾರ್ಗಸೂಚಿ ಹೊರಡಿಸಿತು.

ಹಳದಿ ಹೆಚ್ಚಿಸಿದರೆ ಜನ ಅದಕ್ಕೇ ಒಗ್ಗಿಕೊಂಡು ಮತ್ತೆ ಹಾರುತ್ತಾರೆ ಎಂಬ ವಾದವೂ ಉಂಟು. ಸ್ವಲ್ಪ ಒಗ್ಗಿಕೊಳ್ಳುವುದು ನಿಜ, ಲಾಭವೆಲ್ಲ ತೊಳೆದುಹೋಗುವುದಿಲ್ಲ. ಟೆಕ್ಸಸ್‌ನ ಅಧ್ಯಯನದಲ್ಲಿ ಹಳದಿಯನ್ನು ಅರ್ಧದಿಂದ ಒಂದೂವರೆ ಸೆಕೆಂಡ್ ಹೆಚ್ಚಿಸಿ, ಒಟ್ಟು 5.5 ಸೆಕೆಂಡ್ ಮೀರದಂತೆ ನೋಡಿಕೊಂಡಲ್ಲಿ ಜಂಪ್‌ಗಳು ಕನಿಷ್ಠ ಅರ್ಧಕ್ಕೆ ಇಳಿದವು. ಫಿಲಡೆಲ್ಫಿಯಾದಲ್ಲಿ ಮೊದಲು ಹಳದಿಯನ್ನು ಸುಮಾರು 1 ಸೆಕೆಂಡ್ ಹೆಚ್ಚಿಸಿದರು, ಜಂಪ್ ಶೇ. 36 ಇಳಿಯಿತು. ಆಮೇಲೆ ಕ್ಯಾಮೆರಾ ಹಾಕಿದರು, ಉಳಿದದ್ದರಲ್ಲಿ ಶೇ. 96 ಇಳಿಯಿತು. ಕ್ಯಾಮೆರಾ ಅಂದರೆ ನನಗೇನೂ ಅಲರ್ಜಿ ಇಲ್ಲ ಅನ್ನುವುದಕ್ಕೇ ಈ ಎರಡನೆಯ ಅಂಕಿ ಹೇಳಿದೆ. ನನ್ನ ತಕರಾರು ಯಾವುದು ಮೊದಲು ಎಂಬುದರ ಬಗ್ಗೆ. ಹಳದಿಯನ್ನು ಮನಸೋ ಇಚ್ಛೆ ಎಳೆಯುವುದೂ ತಪ್ಪು. ಆರೇಳು ಸೆಕೆಂಡ್ ಹಳದಿ ಉರಿದರೆ ಅದು ಹಸಿರಿನ ಬಾಲವಾಗುತ್ತದೆ.

ಹಳದಿ ಮುಗಿದ ಮೇಲೆ ನಾಲ್ಕೂ ಕಡೆ ಕೆಂಪಿರುವ ಹೊತ್ತನ್ನು ಆಲ್ ರೆಡ್ ಅನ್ನುತ್ತಾರೆ. ಇದು ಜಂಪ್ ಕಡಿಮೆ ಮಾಡುವುದಿಲ್ಲ, ಜಂಪ್ ಆದಾಗ ಗುದ್ದುವುದನ್ನು ತಪ್ಪಿಸುತ್ತದೆ. ದಾಟಬೇಕಾದ ಅಗಲಕ್ಕೆ ಗಾಡಿಯ ಉದ್ದ ಕೂಡಿಸಿ ವೇಗದಿಂದ ಭಾಗಿಸಿ. 24 ಮೀಟರ್ ಅಗಲ, 6 ಮೀಟರಿನ ಗಾಡಿ, ಗಂಟೆಗೆ 50 ಕಿ.ಮೀ. ವೇಗ ಅಂದರೆ 2.2 ಸೆಕೆಂಡ್. ಉದ್ದದ ಬಸ್, ಟ್ರೇಲರ್ ಜಾಸ್ತಿ ಇರುವ ಕಡೆ ಆ ಉದ್ದವನ್ನೇ ಹಾಕಿಕೊಳ್ಳಬೇಕು. ಕೆಲವು ಕಡೆ ರೇಡಾರ್ ಇಟ್ಟು, ‘ಈ ಗಾಡಿ ನಿಲ್ಲುವ ಲಕ್ಷಣ ಕಾಣುತ್ತಿಲ್ಲ’ ಅನ್ನಿಸಿದಾಗ ಮಾತ್ರ ಆಲ್ ರೆಡ್ ಅನ್ನು ಒಂದೆರಡು ಸೆಕೆಂಡ್ ಹಿಗ್ಗಿಸುತ್ತಾರೆ. ತಡವಾಗಿ ನುಗ್ಗುವ ಎರಡನೆಯ ಗುಂಪಿನವರಿಂದ ಬೇರೆಯವರ ಜೀವ ಉಳಿಸಲು ಇದಕ್ಕಿಂತ ಜಾಣ ಉಪಾಯ ನಾನು ಕಂಡಿಲ್ಲ.

ಆ ಎರಡನೆಯ ಗುಂಪಿನಲ್ಲಿ ದೀಪ ಕಾಣದೆ ಬಂದವರು ಎಷ್ಟು ಜನ ಅಂತ ತಿಳಿಯಬೇಕಾದರೆ ಸ್ಟಾಪ್ ಲೈನ್‌ನಿಂದ ನೂರು ಮೀಟರ್ ಹಿಂದೆ ಹೋಗಿ, ಚಾಲಕನ ಕಣ್ಣಿನ ಎತ್ತರದಲ್ಲಿ ನಿಂತು ನೋಡಬೇಕು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಸೂರ್ಯ ಎದುರಿಗಿರುವಾಗ. ಮರದ ಕೊಂಬೆ ಒಂದು ಮಳೆಗಾಲದಲ್ಲಿ ಎರಡಡಿ ಬೆಳೆದು ದೀಪ ಮುಚ್ಚಿರುತ್ತದೆ. ದೀಪ ರಸ್ತೆ ಪಕ್ಕದ ಕಂಬದಲ್ಲಿ ಮಾತ್ರ ಇದ್ದರೆ ಲಾರಿಯ ಹಿಂದಿರುವವನಿಗೆ ಲಾರಿಯ ಬೆನ್ನೇ ಕಾಣುವುದು. ಪ್ರತಿ ಲೇನ್ ಮೇಲೆ ರಸ್ತೆಯ ಮೇಲೆ ಚಾಚಿದ ತೋಳುಗಂಬದಿಂದ ಒಂದೊಂದು ದೀಪ ತೂಗಬೇಕು, ಗಾಜು 200 ಮಿ.ಮೀ. ಬದಲು 300 ಮಿ.ಮೀ. ಇರಬೇಕು. ದೀಪದ ಹಿಂದೆ ಕಪ್ಪು ಹಲಗೆ, ಅದರ ಅಂಚಿಗೆ ಬೆಳಕು ಬಿದ್ದರೆ ಹೊಳೆಯುವ ಹಳದಿ ಪಟ್ಟಿ. ಪಟ್ಟಿಯ ಅಗಲ 25ರಿಂದ 75 ಮಿ.ಮೀ., ಖರ್ಚು ನಗಣ್ಯ. ಅಮೆರಿಕದ ಹೆದ್ದಾರಿ ಇಲಾಖೆಯ ಪ್ರಕಾರ ಇದೊಂದರಿಂದಲೇ ಜಂಕ್ಷನ್‌ನ ಒಟ್ಟು ಅಪಘಾತ ಶೇ. 15 ಇಳಿಯಬಹುದು. ಕರೆಂಟ್ ಹೋದಾಗಲೂ ಆ ಪಟ್ಟಿ ‘ಇಲ್ಲೊಂದು ಸಿಗ್ನಲ್ ಇದೆ’ ಅಂತ ಹೇಳುತ್ತಿರುತ್ತದೆ. ಇನ್ನೊಂದು ವಿಚಿತ್ರ ತಪ್ಪು: ಹತ್ತಿರ ಹತ್ತಿರ ಎರಡು ಸಿಗ್ನಲ್ ಇದ್ದಲ್ಲಿ ಈಚೆಗಿನ ಕೆಂಪನ್ನು ಬಿಟ್ಟು ಆಚೆಗಿನ ಹಸಿರನ್ನು ನೋಡಿ ನುಗ್ಗುವುದು. ಆಚೆಗಿನ ದೀಪಕ್ಕೆ ಸೀಳುತಟ್ಟೆ (ಬೆಳಕು ಹತ್ತಿರದವರಿಗೆ ಮಾತ್ರ ಕಾಣುವಂತೆ ತಡೆಯುವ ಪಟ್ಟಿಗಳು) ಕೂರಿಸಿ, ದೂರದಿಂದ ಕಾಣದಂತೆ ಮಾಡಿದರೆ ಸರಿ ಹೋಗುತ್ತದೆ.

ಹೆದ್ದಾರಿ ವೇಗದ ಜಂಕ್ಷನ್‌ಗಳಲ್ಲಿ ಹಳದಿ ಸರಿಯಿದ್ದೂ ಗೊಂದಲ ಉಳಿಯುತ್ತದೆ. ಸ್ಟಾಪ್ ಲೈನ್‌ಗೆ 5.5 ಸೆಕೆಂಡ್ ದೂರವಿದ್ದಾಗ ಹೆಚ್ಚುಕಡಿಮೆ ಎಲ್ಲರೂ ನಿಲ್ಲುತ್ತಾರೆ, 2.5 ಸೆಕೆಂಡ್ ಇದ್ದಾಗ ಹೆಚ್ಚುಕಡಿಮೆ ಎಲ್ಲರೂ ಹೋಗುತ್ತಾರೆ, ನಡುವೆ ಒಬ್ಬೊಬ್ಬರದು ಒಂದೊಂದು ದಾರಿ. 80ರ ವೇಗಕ್ಕೆ ಇದು 122 ಮೀಟರ್‌ನಿಂದ 56 ಮೀಟರ್‌ವರೆಗಿನ ಜಾಗ. ಅಲ್ಲಿ ಡಾಂಬರಿನಡಿ ತಂತಿ ಸುರುಳಿಯನ್ನೋ ಮೇಲೆ ರೇಡಾರನ್ನೋ ಇಟ್ಟು, ಆ ತುಂಡಿನಲ್ಲಿ ಗಾಡಿ ಇರುವಾಗ ಹಸಿರು ಮುಗಿಯದಂತೆ ನೋಡಿಕೊಳ್ಳಬಹುದು. ಆದರೆ ಹಸಿರಿಗೆ ಒಂದು ಗರಿಷ್ಠ ಮಿತಿ ಇರುತ್ತದಲ್ಲ, ದಟ್ಟಣೆಯ ಹೊತ್ತಿನಲ್ಲಿ ಗಾಡಿಗಳ ಸಾಲು ಕಡಿಯದೆ ಅದು ಮುಗಿದೇಬಿಡುತ್ತದೆ. ಆಗ ಯಾರು ಮಧ್ಯದಲ್ಲಿದ್ದಾರೆ ಅಂತ ಯಂತ್ರ ನೋಡುವುದಿಲ್ಲ. ಡಿಟೆಕ್ಟರ್ ಹಾಕಿಯೂ ಉಪಯೋಗವಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಸಾಲಾಗಿರುವ ಸಿಗ್ನಲ್‌ಗಳಲ್ಲಿ ಹಿಂದಿನ ಜಂಕ್ಷನ್‌ನಿಂದ ಬಿಟ್ಟ ಗಾಡಿಗಳ ಹಿಂಡು ಸರಿಯಾಗಿ ಹಸಿರು ಮುಗಿಯುವ ಹೊತ್ತಿಗೆ ಬರುತ್ತಿದ್ದರೆ ದಿನವಿಡೀ ಜಂಪ್ ಆಗುತ್ತದೆ. ಹಸಿರಿನ ಶುರುವನ್ನು ಐದಾರು ಸೆಕೆಂಡ್ ಆಚೀಚೆ ಸರಿಸಿದರೆ ಸಾಕು. ಒಂದು ಹಸಿರಿನಲ್ಲಿ ಸಾಲು ಕರಗದೆ ಎರಡು ಮೂರು ಸುತ್ತು ಕಾದವನು ನಾಲ್ಕನೆಯ ಸಲ ಹಳದಿಗೆ ಬಗ್ಗುವುದಿಲ್ಲ. ಅಂಥಲ್ಲಿ ಹಸಿರಿನ ಹಂಚಿಕೆಯೇ ತಪ್ಪಿದೆ. ಹಸಿರಿಗೆ ಸೆಕೆಂಡ್ ಎಣಿಸಿ ತೋರಿಸುವ ಟೈಮರ್ ನನ್ನ ಮಟ್ಟಿಗೆ ಉಪದ್ರವ. ‘3’ ಕಂಡ ಕೂಡಲೇ ಮುಂದಿನವನು ಬ್ರೇಕ್, ಹಿಂದಿನವನು ಆಕ್ಸಿಲರೇಟರ್. ಕೆಂಪಿನ ಟೈಮರ್ ಇಟ್ಟುಕೊಳ್ಳಿ, ಎಂಜಿನ್ ಆಫ್ ಮಾಡಲು ಉಪಯೋಗ. ಆದರೆ ಕೊನೆಯ ಐದು ಸೆಕೆಂಡ್ ಅದು ಖಾಲಿಯಾಗಿರಲಿ, ಇಲ್ಲದಿದ್ದರೆ ‘2’ಕ್ಕೇ ಗಾಡಿಗಳು ಗೆರೆ ದಾಟಿರುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಹಾರುವವನು ಬೇಕೆಂದೇ ಹಾರುವವನು. ಅವನಿಗೆ ಕ್ಯಾಮೆರಾ. ತಮಾಷೆಯೆಂದರೆ ಈ ಕ್ಯಾಮೆರಾಗಳ ಮೂಲ ಪುರುಷ ನೆದರ್ಲೆಂಡ್ಸ್‌ನ ಮೌರಿಸ್ ಗಾಟ್ಸೊನಿಡಿಸ್ ಒಬ್ಬ ರ‍್ಯಾಲಿ ಚಾಲಕ. ವೇಗ ಅಳೆಯುವ ಯಂತ್ರ ಕಂಡುಹಿಡಿದದ್ದು ತಾನು ಇನ್ನೂ ಜೋರಾಗಿ ಓಡಿಸಲಿಕ್ಕೆ! ಸರಿಯಾದ ವ್ಯವಸ್ಥೆ ಎರಡು ಫೋಟೋ ತೆಗೆಯುತ್ತದೆ: ಕೆಂಪು ಉರಿಯುತ್ತಿರುವಾಗ ಗಾಡಿ ಗೆರೆಯ ಹಿಂದಿರುವುದೊಂದು, ಜಂಕ್ಷನ್ ಮಧ್ಯದಲ್ಲಿರುವುದೊಂದು. ಮೊದಲನೆಯದು ಇಲ್ಲದಿದ್ದರೆ ಹಳದಿಯಲ್ಲೇ ಒಳಗೆ ಬಂದವನೂ ಸಿಕ್ಕಿಬೀಳುತ್ತಾನೆ. ಕ್ಯಾಮೆರಾಗೂ ಬೆಲೆ ತೆರಬೇಕು. ಅಮೆರಿಕದಲ್ಲಿ 2005ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಪಕ್ಕೆಗೆ ಗುದ್ದುವ ಅಪಘಾತ ಶೇ. 24.6 ಇಳಿದರೆ ಹಿಂದಿನಿಂದ ಗುದ್ದುವುದು ಶೇ. 14.9 ಏರಿತು. ಮೊದಲನೆಯದು ಹೆಚ್ಚು ಮಾರಕವಾದ್ದರಿಂದ ಒಟ್ಟಿನಲ್ಲಿ ಲಾಭವೇ. ಆದರೆ ಹಳದಿ ಗಿಡ್ಡವಿರುವಲ್ಲಿ ಕ್ಯಾಮೆರಾ ನೆಟ್ಟರೆ ಸುರಕ್ಷತೆಯ ಹೆಸರಲ್ಲಿ ವಸೂಲಿ ಆಗುತ್ತದೆ. ಷಿಕಾಗೋದಲ್ಲಿ 2014ರಲ್ಲಿ ಹಳದಿ 3 ಸೆಕೆಂಡಿನ ಬದಲು 2.9 ಸೆಕೆಂಡ್ ಉರಿದಿದ್ದರೂ ಕ್ಯಾಮೆರಾ ಕೊಟ್ಟ ಟಿಕೆಟ್ (ದಂಡದ ಚೀಟಿ) ಒಪ್ಪತೊಡಗಿದರು. ಆ 0.1 ಸೆಕೆಂಡಿನಿಂದ ಹುಟ್ಟಿದ ಟಿಕೆಟ್‌ಗಳು ಸುಮಾರು 77,000.

ಕ್ಯಾಮೆರಾಗೆ ದುಡ್ಡಿಲ್ಲದ ಕಡೆ ಒಂದು ಚಿಕ್ಕ ಉಪಾಯ: ಸಿಗ್ನಲ್ ಕಂಬದ ಹಿಂಬದಿಗೆ ಒಂದು ನೀಲಿ ಅಥವಾ ಬಿಳಿ ದೀಪ, ಕೆಂಪಿನ ತಂತಿಗೇ ಜೋಡಿಸಿದ್ದು. ಎದುರಿಗೆ ಕೆಂಪು ಬಿದ್ದಾಗ ಹಿಂದೆ ಇದೂ ಹತ್ತುತ್ತದೆ. ಪೊಲೀಸರು ಜಂಕ್ಷನ್‌ನ ಆಚೆ ಬದಿಯಲ್ಲೇ ನಿಂತು, ಹಾರಿದವನನ್ನು ಅಟ್ಟಿಸಿಕೊಂಡು ಹೋಗದೆ ತಡೆಯಬಹುದು.

ಕೆಲವು ಕಡೆ ಸಿಗ್ನಲ್ಲೇ ಬೇಕಾಗಿರುವುದಿಲ್ಲ. ಅದರ ಜಾಗದಲ್ಲಿ ಸರಿಯಾಗಿ ಕಟ್ಟಿದ ವೃತ್ತ (ರೌಂಡಬೌಟ್) ಬಂದರೆ ಸಾವುನೋವಿನ ಅಪಘಾತ ಶೇ. 78 ಇಳಿಯುತ್ತದೆ ಅಂತ ಅದೇ ಹೆದ್ದಾರಿ ಇಲಾಖೆ ಹೇಳುತ್ತದೆ. ಹಾರಲು ಕೆಂಪೇ ಇಲ್ಲ, ನೇರ ನುಗ್ಗಲು ದಾರಿಯೂ ಇಲ್ಲ.

ಅಳೆಯಲು ಮೊಬೈಲ್ ಸಾಕು. ದೀಪವನ್ನು ಮೂರು ಸುತ್ತು ವಿಡಿಯೋ ಮಾಡಿ, ಫ್ರೇಮ್ ಫ್ರೇಮಾಗಿ ಸರಿಸಿ ಹಳದಿ ಎಣಿಸಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ 3 ಸೆಕೆಂಡ್ ಅಂದರೆ 90 ಫ್ರೇಮ್, 3.7 ಅಂದರೆ 111. ವೇಗಕ್ಕೆ ರಸ್ತೆ ಬದಿಯಲ್ಲಿ 50 ಮೀಟರ್ ಅಂತರದ ಎರಡು ಗುರುತು ಹಿಡಿಯಿರಿ, 3 ಸೆಕೆಂಡಿನಲ್ಲಿ ದಾಟಿದ ಗಾಡಿಯ ವೇಗ ಗಂಟೆಗೆ 60. ಜಂಪ್ ಎಣಿಸಲು ದೀಪವೂ ಸ್ಟಾಪ್ ಲೈನೂ ಒಂದೇ ಚೌಕಟ್ಟಿನಲ್ಲಿ ಬರಲಿ. ಮುಂದಿನ ಚಕ್ರ ಗೆರೆ ದಾಟಿದ್ದು ಕೆಂಪು ಬಿದ್ದು 1 ಸೆಕೆಂಡಿನೊಳಗಾ, 2ರೊಳಗಾ, ಅದಕ್ಕೂ ಆಮೇಲಾ ಅಂತ ಮೂರು ಕಾಲಂ ಮಾಡಿ. ಮೊದಲ ಕಾಲಂ ತುಂಬಿದ್ದರೆ ಕಂಟ್ರೋಲರ್ ಪೆಟ್ಟಿಗೆ ತೆರೆಸಿ, ಕೊನೆಯದು ತುಂಬಿದ್ದರೆ ಮೊದಲು ದೀಪ ಕಾಣುತ್ತದಾ ನೋಡಿ, ಆಮೇಲೆ ಕ್ಯಾಮೆರಾ. ಲೆಕ್ಕವನ್ನು ಸಾವಿರ ಗಾಡಿಗೆ ಇಷ್ಟು ಅಂತ ಬರೆದಿಡಿ, ಇಲ್ಲದಿದ್ದರೆ ರಜೆಯ ದಿನವೆಲ್ಲ ಸುಧಾರಣೆಯಾದಂತೆ ಕಾಣುತ್ತದೆ. ಬದಲಾವಣೆ ಮಾಡಿದ ಮೊದಲ ವಾರದ ಅಂಕಿಯನ್ನು ನಂಬಬೇಡಿ. ಜನ ಹೊಸ ಹಳದಿಗೆ ಒಗ್ಗಿದ ಮೇಲೆ, ಎರಡು ಮೂರು ತಿಂಗಳು ಬಿಟ್ಟು, ಅದೇ ವಾರ, ಅದೇ ಹೊತ್ತಿಗೆ ಮತ್ತೆ ಎಣಿಸಿ.