ಕಾಲು ಒದ್ದೆಯಾಗದೆ ಕಡಲು ತೊಳೆಯುವುದು ಹೇಗೆ?

ತೈಲಬಾವಿ, ರಿಫೈನರಿ, ಹಡಗಿಗೆ ಎಣ್ಣೆ ತುಂಬುವ ಜೆಟ್ಟಿ. ಇವುಗಳ ಪಕ್ಕದ ಕಡಲತಳದ ಕೆಸರಿನಲ್ಲಿ ಭಾರಲೋಹಗಳು ಜಾಸ್ತಿ ಇವೆ ಅಂತ ಆಗಾಗ ದೂರು ಬರುತ್ತದೆ. ದೂರು ಕೊಡುವವರಿಗೆ ತಾಳ್ಮೆ ಕಡಿಮೆ. ಕೆಸರು ತೆಗೆಯಿರಿ ಅನ್ನುತ್ತಾರೆ. ಅದೇನು ಸುಲಭವೇ? ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ ಒಂದು ರಾಸಾಯನಿಕ ಕಾರ್ಖಾನೆಯಿಂದ ಸೇರಿದ ಪಾದರಸದ ಕೆಸರನ್ನು ಎತ್ತಲು 1977ರಲ್ಲಿ ಶುರು ಮಾಡಿದವರು ಮುಗಿಸಿದ್ದು 1990ರಲ್ಲಿ. ಹದಿಮೂರು ವರ್ಷ! ಅಷ್ಟು ಕಾಲದಲ್ಲಿ ಎಷ್ಟು ಸಮಿತಿ ರಚಿಸಬಹುದಿತ್ತು, ಯೋಚಿಸಿ. ಕೆಸರಿನ ಬದಲು ವರದಿಯನ್ನು ತೊಳೆದರೆ ಒಂದು ಮಧ್ಯಾಹ್ನ ಸಾಕು.

ಮೊದಲ ಪಾಠ: ನೀರನ್ನು ಪರೀಕ್ಷಿಸಿ, ಕೆಸರನ್ನಲ್ಲ. ಕಚ್ಚಾ ತೈಲ ನೆಲದಡಿಯಿಂದ ಬರುವಾಗಲೇ ನಿಕಲ್, ವೆನೇಡಿಯಂ ಹೊತ್ತು ತರುತ್ತದೆ. ಬಾವಿ ಕೊರೆಯುವಾಗ ಒಳಗೆ ಹರಿಸುವ ರಾಡಿಗೆ ತೂಕ ಬರಲಿ ಅಂತ ಬೆರೈಟ್ ಪುಡಿ ಸೇರಿಸುತ್ತಾರೆ. ಅದರಲ್ಲಿ ಬೇರಿಯಂ ತುಂಬಿರುತ್ತದೆ, ಜೊತೆಗೆ ಒಂದಿಷ್ಟು ಪಾದರಸ, ಕ್ಯಾಡ್ಮಿಯಂ. ಇದೆಲ್ಲ ಕಡಲಿಗೆ ಬಿದ್ದರೆ ಏನು ಮಹಾ, ಸಮುದ್ರದಲ್ಲಿ ಹುಣಸೆಹಣ್ಣು ತೊಳೆದಂತೆ ಅಂದುಕೊಂಡರು. ಆದರೆ ಲೋಹಕ್ಕೆ ಕರಗಿ ಕಾಣೆಯಾಗುವ ಸೌಜನ್ಯವಿಲ್ಲ. ಜೇಡಿಯ ಸಣ್ಣ ಕಣಗಳಿಗೆ ಅಂಟಿಕೊಂಡು ತಳಕ್ಕೆ ಹೋಗಿ ಕೂರುತ್ತದೆ. ಎಣ್ಣೆಯನ್ನಾದರೂ ಬ್ಯಾಕ್ಟೀರಿಯಾ ತಿಂದು ಮುಗಿಸೀತು. ನಿಕಲ್ಲನ್ನು ತಿಂದು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಇನ್ನೂ ಹುಟ್ಟಿಲ್ಲ. ಹಾಗಾಗಿ ಮೇಲಿನ ನೀರು ತಿಳಿಯಾಗಿರುತ್ತದೆ. ಬಾಟಲಿಯಲ್ಲಿ ಹಿಡಿದು ಫೋಟೋ ತೆಗೆದರೆ ಚೆನ್ನಾಗಿಯೂ ಕಾಣುತ್ತದೆ.

ಯಾರೋ ತರಲೆ ಕೆಸರೇ ಬೇಕು ಅಂದರೆ ಮರಳು ಜಾಸ್ತಿ ಇರುವ ಕಡೆ ಬಾಚಿ. ದಪ್ಪ ಮರಳಿಗೆ ಲೋಹ ಅಷ್ಟಾಗಿ ಹತ್ತುವುದಿಲ್ಲ. ತಿಳಿದವರು 63 ಮೈಕ್ರಾನ್‌ಗಿಂತ ಸಣ್ಣ ಕಣವನ್ನು ಜರಡಿ ಹಿಡಿದು ಅಳೆಯುತ್ತಾರೆ. ಅಂಥವರನ್ನು ಸಮಿತಿಗೆ ಸೇರಿಸಿಕೊಳ್ಳಬೇಡಿ.

ಇನ್ನು ನಿಜವಾದ ಕೈಚಳಕ ಲೆಕ್ಕದಲ್ಲಿದೆ. 1969ರಲ್ಲಿ ಮ್ಯುಲರ್ ಅನ್ನುವ ಜರ್ಮನ್ ವಿಜ್ಞಾನಿ ಕೆಸರು ಎಷ್ಟು ಮಲಿನ ಅಂತ ಅಳೆಯಲು ಒಂದು ಸೂತ್ರ ಕೊಟ್ಟ. ಕೆಸರಿನಲ್ಲಿ ಈಗ ಸಿಕ್ಕ ಲೋಹವನ್ನು, ಅಲ್ಲಿ ಸಹಜವಾಗಿ ಇರಬೇಕಿದ್ದ ಪ್ರಮಾಣದ ಒಂದೂವರೆ ಪಟ್ಟಿನಿಂದ ಭಾಗಿಸಬೇಕು. ಬಂದದ್ದಕ್ಕೆ 2ರ ಆಧಾರದಲ್ಲಿ ಲಾಗರಿದಮ್ ತೆಗೆಯಬೇಕು. ಉತ್ತರ ಏರಿದಷ್ಟೂ ಮಲಿನ, ಸೊನ್ನೆಗಿಂತ ಕೆಳಗಿದ್ದರೆ ನಿರ್ಮಲ. ಸೂತ್ರ ಒಳ್ಳೆಯದೇ. ಆದರೆ 'ಸಹಜ' ಎಷ್ಟು ಅಂತ ಆರಿಸಿಕೊಳ್ಳುವವರು ನಾವಲ್ವಾ?

ಕೆಸರಿನಲ್ಲಿ ಕಿಲೋಗೆ 90 ಮಿಲಿಗ್ರಾಂ ನಿಕಲ್ ಸಿಕ್ಕಿತು ಅಂತಿಟ್ಟುಕೊಳ್ಳಿ. ದೂರದ ಶುದ್ಧ ತೀರದಲ್ಲಿ ಅದು 20 ಇದೆ. ಲೆಕ್ಕ ಹಾಕಿದರೆ 1.58 ಬರುತ್ತದೆ, ಅಂದರೆ ಸಾಧಾರಣ ಮಲಿನ. ಛೇ, ಕೆಟ್ಟ ಹೆಸರು. ಪುಸ್ತಕ ತೆಗೆಯಿರಿ. 1961ರಲ್ಲಿ ಇಬ್ಬರು ವಿಜ್ಞಾನಿಗಳು ಪ್ರಪಂಚದ ಸರಾಸರಿ ಶೇಲ್ ಕಲ್ಲಿನಲ್ಲಿ, ಅಂದರೆ ಜೇಡಿ ಗಟ್ಟಿಯಾಗಿ ಆದ ಕಲ್ಲಿನಲ್ಲಿ, ಯಾವ ಲೋಹ ಎಷ್ಟಿದೆ ಅಂತ ಒಂದು ಪಟ್ಟಿ ಮಾಡಿದ್ದಾರೆ. ಅದರಲ್ಲಿ ನಿಕಲ್ 68. ಈಗ ಭಾಗಿಸಿ. ಉತ್ತರ ಮೈನಸ್ 0.18! ಅದೇ ಕೆಸರು, ಅದೇ ಬಕೆಟ್ಟು, ಈಗ ಪೂರಾ ನಿರ್ಮಲ. ಇದೂ ಸಾಲದಿದ್ದರೆ ರಿಫೈನರಿಯ ಗೋಡೆ ಪಕ್ಕದ ಕೆಸರನ್ನೇ 'ಸಹಜ' ಅಂತ ಬರೆದುಕೊಳ್ಳಿ. ಮೈನಸ್ ಇನ್ನೂ ಆಳಕ್ಕೆ ಇಳಿಯುತ್ತದೆ. ನೋಡಿದವರಿಗೆ ಕಾರ್ಖಾನೆಯೇ ಕಡಲನ್ನು ತೊಳೆಯುತ್ತಿದೆಯೇನೋ ಅನ್ನಿಸಬೇಕು.

ಇಷ್ಟಾದ ಮೇಲೂ ಕೆಸರು ತೆಗೆಯಿರಿ ಅನ್ನುವವರಿಗೆ ವಿಜ್ಞಾನ ಹೇಳಿ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಲೋಹಗಳು ಸಲ್ಫೈಡ್ ಆಗಿ ಕಟ್ಟುಬಿದ್ದಿರುತ್ತವೆ, ಕೆದಕಿದರೆ ಬಿಡುಗಡೆಯಾಗಿ ನೀರಿಗೆ ಸೇರುತ್ತವೆ, ಸುಮ್ನೆ ಮಲಗಿರುವ ಹುಲಿಯನ್ನು ಯಾಕೆ ಎಬ್ಬಿಸುತ್ತೀರಿ ಅಂತ. ಮಾತು ಸುಳ್ಳಲ್ಲ, ಅದೇ ಅದರ ಚಂದ. ಆದರೆ ಮುಂದಿನ ತಿಂಗಳು ದೊಡ್ಡ ಟ್ಯಾಂಕರ್ ಬರಲಿ ಅಂತ ಅದೇ ಜಾಗದಲ್ಲಿ ಹೂಳೆತ್ತುವ ಹಡಗು ನಿಲ್ಲುತ್ತದೆ. ಆಗ ಹುಲಿ ಏಳುವುದಿಲ್ಲ. ಅದಕ್ಕೂ ಟೆಂಡರ್ ಕಾಗದ ಓದಲು ಬರುತ್ತದೆ ಅಂತ ಕಾಣುತ್ತದೆ. ಎತ್ತಿದ ಹೂಳನ್ನು ಎಲ್ಲಿ ಸುರಿಯುತ್ತಾರೆ ಅಂತ ಕೇಳಬೇಡಿ. ಕಡಲು ದೊಡ್ಡದು.

ಒಂದೇ ಒಂದು ತಲೆನೋವು ಉಳಿಯುತ್ತದೆ. ಕೆಸರು ಪದರ ಪದರವಾಗಿ ಕೂರುತ್ತದೆ. ಉದ್ದ ಕೊಳವೆ ಇಳಿಸಿ ಎತ್ತಿದರೆ ಕೆಳಗಿನ ಪದರದಲ್ಲಿ ಕಾರ್ಖಾನೆ ಬರುವ ಮುಂಚಿನ ಮಣ್ಣು ಸಿಗುತ್ತದೆ. ಸೀಸ-210 ಅನ್ನುವ ವಿಕಿರಣಶೀಲ ಸೀಸ ಸುಮಾರು 22 ವರ್ಷಕ್ಕೊಮ್ಮೆ ಅರ್ಧ ಆಗುತ್ತದೆ. ಅದನ್ನು ಅಳೆದು ಯಾವ ಪದರ ಯಾವ ಕಾಲದ್ದು ಅಂತ ನೂರು ವರ್ಷ ಹಿಂದಿನವರೆಗೂ ಲೆಕ್ಕ ಹಾಕಬಹುದು. ಆಗ 'ಸಹಜ' ಎಷ್ಟಿತ್ತು ಅಂತ ಯಾವ ಪುಸ್ತಕವನ್ನೂ ಕೇಳಬೇಕಾಗಿಲ್ಲ. ಏರಿಕೆ ಯಾವಾಗ ಶುರುವಾಯಿತು ಅನ್ನುವುದೂ ಬಯಲು.

ಗಾಬರಿ ಬೇಡ. ಸಮಿತಿಗೆ ಒಪ್ಪಿಸಿರುವುದು ಮೇಲಿನ ಐದು ಸೆಂಟಿಮೀಟರ್ ಮಾತ್ರ.